ಕೌದಿಗೆ ರೆಡಿ ಪಟ್ಟಿ ಕೊಳ್ಳೋದಾ, ನಾವೇ ಕತ್ತರಿಸೋದಾ? ದುಡ್ಡು ಹಾಕುವ ಮುನ್ನ ಈ ಲೆಕ್ಕ ನೋಡಿ

ತುಮಕೂರು: ಹಳೇ ಸೀರೆ, ಪಂಚೆ ಒಟ್ಟು ಮಾಡಿ ಅಜ್ಜಿಯರು ಹೊಲಿಯುತ್ತಿದ್ದ ಕೌದಿಗೆ ಈಗ ಆರ್ಡರ್ ಬರುತ್ತಿದೆ. ಬೊಂತೆ ಅನ್ನಿ, ಕೌದಿ ಅನ್ನಿ, ಬಣ್ಣದ ಪಟ್ಟಿ ಜೋಡಿಸಿ ನೀಟಾಗಿ ಹೊಲಿದರೆ ಕೊಳ್ಳುವವರಿದ್ದಾರೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಮನೆಯಲ್ಲೇ ಮಷೀನು ಇಟ್ಟುಕೊಂಡಿರುವ ಹೆಣ್ಣುಮಕ್ಕಳು ಈ ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಪ್ರಶ್ನೆ ಬರುತ್ತೆ: ಕತ್ತರಿಸಿಟ್ಟ ಪಟ್ಟಿ ತರೋದಾ, ಬಟ್ಟೆ ತಂದು ನಾವೇ ಕತ್ತರಿಸೋದಾ?

ಸಂಘದಲ್ಲಿ ಸಾಲ ತೆಗೆದು ಬಟ್ಟೆಗೆ ಹಾಕುವವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ತಂದ ಮೂಟೆಯಲ್ಲಿ ಅರ್ಧ ಉಪಯೋಗಕ್ಕೆ ಬಾರದಿದ್ದರೆ ಲಾಭವೆಲ್ಲ ಅಲ್ಲೇ ಹೋಯಿತು.

ರೆಡಿ ಪಟ್ಟಿ ಅಂದರೆ ಏನು?

ಇದರಲ್ಲಿ ಎರಡು ಬಗೆ. ಒಂದು, ಒಂದೇ ಅಳತೆಗೆ ಕತ್ತರಿಸಿ ಸುತ್ತಿಟ್ಟ ಕಟ್ಟು. ವಿದೇಶಗಳಲ್ಲಿ ಇದಕ್ಕೆ 'ಜೆಲ್ಲಿ ರೋಲ್' ಎಂಬ ಹೆಸರಿದೆ. ಎರಡೂವರೆ ಇಂಚು ಅಗಲದ ಸುಮಾರು 40 ಪಟ್ಟಿಗಳು ಅದರಲ್ಲಿರುತ್ತವೆ. ಆನ್‌ಲೈನ್‌ನಲ್ಲಿ ಸಿಗುತ್ತೆ, ಆದರೆ ಮೀಟರ್ ಲೆಕ್ಕದಲ್ಲಿ ಬಲು ದುಬಾರಿ.

ಎರಡನೆಯದು ನಮಗೆ ಗೊತ್ತಿರುವುದೇ: ಗಾರ್ಮೆಂಟ್ಸ್‌ನಿಂದ ಬರುವ, ಟೈಲರ್ ಅಂಗಡಿಯಲ್ಲಿ ಉಳಿಯುವ ಚಿಂದಿ. ಕೆಜಿ ಲೆಕ್ಕದಲ್ಲಿ ಸಿಗುತ್ತೆ. ಅಗ್ಗ, ಆದರೆ ಅಳತೆ ಒಂದೇ ಇರಲ್ಲ, ನೂಲೂ ಒಂದೇ ಇರಲ್ಲ.

ಒಂದು ಕೌದಿಗೆ ಎಷ್ಟು ಬಟ್ಟೆ?

ಒಬ್ಬರು ಹೊದೆಯುವ 5 ಅಡಿ × 7 ಅಡಿ ಕೌದಿಯ ಮೇಲ್ಪದರದ ಲೆಕ್ಕ ಹಾಕೋಣ. ಪಟ್ಟಿ ಎರಡೂವರೆ ಇಂಚು ಅಗಲ, ಎರಡೂ ಬದಿ ಕಾಲು ಇಂಚು ಮಾರ್ಜಿನ್. ಹೊಲಿದ ಮೇಲೆ ಕಾಣುವುದು 2 ಇಂಚು. 84 ಇಂಚು ಉದ್ದಕ್ಕೆ 42 ಸಾಲು ಬೇಕು. 42 ಇಂಚು ಉದ್ದದ ಪಟ್ಟಿಯಾದರೆ ಸುಮಾರು 61 ಪಟ್ಟಿ. 44 ಇಂಚು ಪನ್ನದ ಬಟ್ಟೆಯಲ್ಲಿ ಇದಕ್ಕೆ 4 ಮೀಟರ್ ಸಾಕು, ಕುಗ್ಗುವುದಕ್ಕೆ ಅಂತ ನಾಲ್ಕೂವರೆ ತನ್ನಿ.

ಬ್ಲೌಸ್ ಹೊಲಿದು ಅಭ್ಯಾಸ ಇರುವವರು ಅರ್ಧ ಇಂಚು ಮಾರ್ಜಿನ್ ಬಿಡುತ್ತಾರೆ. ಹಾಗೆ ಬಿಟ್ಟರೆ ಇದೇ ಕೌದಿಗೆ 5 ಮೀಟರ್ ದಾಟುತ್ತೆ. ಪಟ್ಟಿ ಸಣ್ಣದಾದಷ್ಟೂ ಮಾರ್ಜಿನ್ನೇ ಬಟ್ಟೆ ತಿನ್ನುತ್ತೆ. ಹಾಗಾಗಿ ಒಂದೂವರೆ ಇಂಚಿನ ಪಟ್ಟಿ ನೋಡಲು ಚೆಂದವಿದ್ದರೂ ಹೊಸಬರಿಗೆ ಬೇಡ.

ಕೆಜಿ ಚಿಂದಿಯ ಲೆಕ್ಕ

ಇಷ್ಟು ಪಾಪ್ಲಿನ್ ಬಟ್ಟೆ ತೂಗಿದರೆ ಬರುವುದು ಹೆಚ್ಚುಕಡಿಮೆ ಅರ್ಧ ಕೆಜಿ. ಅಂದರೆ ಒಂದು ಕೆಜಿ ಚಿಂದಿಯಲ್ಲಿ ಅರ್ಧ ಬಳಕೆಗೆ ಬಂದರೆ ಒಂದು ಕೌದಿ. ಮೂರನೇ ಒಂದು ಭಾಗ ಮಾತ್ರ ಬಂದರೆ ಒಂದೂವರೆ ಕೆಜಿ ಬೇಕು.

ಉದಾಹರಣೆಗೆ ಬಟ್ಟೆ ಮೀಟರಿಗೆ 80 ರೂಪಾಯಿ ಅಂದುಕೊಳ್ಳಿ: ನಾಲ್ಕೂವರೆ ಮೀಟರಿಗೆ 360. ಚಿಂದಿ ಕೆಜಿಗೆ 150 ಅಂದುಕೊಂಡರೆ ಒಂದೂವರೆ ಕೆಜಿಗೆ 225. ಉಳಿತಾಯ 135. ಆದರೆ ಚಿಂದಿ ವಿಂಗಡಿಸಿ, ಇಸ್ತ್ರಿ ಹಾಕಿ, ಅಳತೆಗೆ ತರಲು ಒಂದು ಇಡೀ ದಿನ ಹೋದರೆ ಆ 135 ನಿಮ್ಮ ಒಂದು ದಿನದ ಕೂಲಿ. ಬಟ್ಟೆಯ ರೇಟು ಮಾತ್ರ ಬರೆದುಕೊಂಡು ನಮ್ಮ ಕೂಲಿ ಬಿಟ್ಟುಬಿಡುವುದೇ ಎಲ್ಲರೂ ಮಾಡುವ ತಪ್ಪು.

ಮುಖ್ಯವಾದ ವ್ಯತ್ಯಾಸ: ಒಗೆಯುವುದು

ಇಡೀ ಬಟ್ಟೆ ತಂದರೆ ಮೊದಲು ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಬಹುದು. ಕುಗ್ಗುವುದಿದ್ದರೆ ಆಗಲೇ ಕುಗ್ಗುತ್ತೆ, ಬಣ್ಣ ಬಿಡುವುದಿದ್ದರೆ ಆಗಲೇ ಗೊತ್ತಾಗುತ್ತೆ. ಕತ್ತರಿಸಿದ ಪಟ್ಟಿಯನ್ನು ಹಾಗೆ ಒಗೆಯಲು ಆಗಲ್ಲ. ಎಳೆ ಬಿಟ್ಟು ಒಂದಕ್ಕೊಂದು ಗಂಟು ಬೀಳುತ್ತೆ.

ಕೆಂಪು ಪಟ್ಟಿ ಪಕ್ಕದ ಬಿಳಿ ಪಟ್ಟಿಗೆ ಬಣ್ಣ ಹತ್ತಿಸಿದರೆ, ಅದು ಗೊತ್ತಾಗುವುದು ಗಿರಾಕಿ ಮನೆಯಲ್ಲಿ, ಮೊದಲ ಸಲ ಒಗೆದಾಗ. ಆಮೇಲೆ ಆ ಮನೆಯಿಂದ ಇನ್ನೊಂದು ಆರ್ಡರ್ ಬರಲ್ಲ.

ರೆಡಿ ಪಟ್ಟಿಯೇ ತರುವುದಾದರೆ ಹೀಗೆ ಪರೀಕ್ಷೆ ಮಾಡಿ:

- ಒದ್ದೆ ಬಿಳಿ ಬಟ್ಟೆಯಿಂದ ಪಟ್ಟಿಯನ್ನು ಗಟ್ಟಿಯಾಗಿ ಉಜ್ಜಿ. ಬಣ್ಣ ಹತ್ತಿದರೆ ಪಕ್ಕಕ್ಕಿಡಿ.
- ಒಂದೆರಡು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತಗಿನ ಬೂದಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಂತಾಗುತ್ತೆ. ಎರಡನ್ನೂ ಒಂದೇ ಕೌದಿಗೆ ಸೇರಿಸಿದರೆ ಒಗೆದ ಮೇಲೆ ಹತ್ತಿ ಮಾತ್ರ ಕುಗ್ಗಿ ಸುಕ್ಕು ಏಳುತ್ತೆ.
- ಪಟ್ಟಿಯ ಎರಡು ತುದಿ ಹಿಡಿದು ಎಳೆಯಿರಿ. ರಬ್ಬರಿನ ಹಾಗೆ ಹಿಗ್ಗಿದರೆ ಅದು ಓರೆ ಕಟಿಂಗ್, ಇಲ್ಲವೇ ಬನಿಯನ್ ಬಟ್ಟೆ. ಜೋಡಿಸಿದ ಸಾಲು ಸೊಟ್ಟಗಾಗುತ್ತೆ.

ನಾವೇ ಕತ್ತರಿಸುವಾಗ

ಅಂಚಿಗೆ ಅಂಚು ಕೂಡಿಸಿ ಮಡಚಿ, ಮಡಿಕೆಗೆ ನೇರವಾಗಿ ಗೆರೆ ಎಳೆಯಿರಿ. ಗೆರೆ ವಾಲಿದರೆ ಬಿಡಿಸಿದ ಪಟ್ಟಿ ನಡುವೆ ಬಾಗಿರುತ್ತೆ. ಚಕ್ರದ ಬ್ಲೇಡಿನ ರೋಟರಿ ಕಟರ್ ಇದ್ದರೆ ಕೆಲಸ ಬೇಗ, ಆದರೆ ಅದಕ್ಕೆ ಮ್ಯಾಟು, ಸ್ಕೇಲೂ ಬೇಕು. ಒಂದೆರಡು ಕೌದಿಗೆ ಆ ಖರ್ಚು ಬೇಡ, ಒಳ್ಳೆ ಕತ್ತರಿ ಸಾಕು. ಪಾಪ್ಲಿನ್ ಆದರೆ ಬಟ್ಟೆ ಅಂಗಡಿಯವರಂತೆ ಅಂಚಿಗೊಂದು ಕಚ್ಚು ಹಾಕಿ ಹರಿಯಲೂಬಹುದು. ಎಳೆಯ ಗುಂಟ ನೇರವಾಗಿಯೇ ಹರಿಯುತ್ತೆ. ಅಂಚು ಸ್ವಲ್ಪ ಎಳೆ ಬಿಡುವುದರಿಂದ ಕಾಲು ಇಂಚು ಹೆಚ್ಚಿಗೆ ಇಡಿ.

ಬಟ್ಟೆ ಕೊಳ್ಳುವ ಮುಂಚೆ ಬೀರು ತೆಗೆದು ನೋಡಿ. ಅರಿಶಿನ ಕುಂಕುಮಕ್ಕೆ ಕೊಟ್ಟ ರವಿಕೆ ಕಣ ಪ್ರತಿ ಮನೆಯಲ್ಲೂ ಇರುತ್ತೆ. 80 ಸೆಂಟಿಮೀಟರಿನ ಒಂದು ಕಣದಲ್ಲಿ ಎರಡೂವರೆ ಇಂಚಿನ 12 ಪಟ್ಟಿ ಬರುತ್ತೆ. ಪನ್ನ 36 ಇಂಚಿದ್ದರೆ ಏಳು ಕಣಕ್ಕೆ ಒಂದು ಕೌದಿಯ ಮೇಲ್ಪದರ ಮುಗಿಯಿತು. ಸುಟ್ಟು ನೋಡಿ, ಹತ್ತಿಯದ್ದನ್ನು ಮಾತ್ರ ತಗೊಳ್ಳಿ.

ಇನ್ನು ಅಳತೆಯ ಪಟ್ಟಿಯೇ ಬೇಕು ಅಂತೇನೂ ಇಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಳೇ ಬಟ್ಟೆಯ ತುಂಡುಗಳನ್ನೇ ಸೀರೆಯ ಮೇಲಿಟ್ಟು ಕೈಯಲ್ಲೇ ಸಾದಾ ಹೊಲಿಗೆ ಹಾಕುವ ಕೌದಿ ದೇಶದ ಹೊರಗೂ ಹೆಸರು ಮಾಡಿದೆ.

ಅಂಗಡಿಯವರಿಗೆ ಒಂದು ಮಾತು

ಎಂ.ಜಿ. ರಸ್ತೆಯ ದೊಡ್ಡ ಅಂಗಡಿಯಿರಲಿ, ಗುಬ್ಬಿ, ಕುಣಿಗಲ್ ಪೇಟೆಯ ಸಣ್ಣ ಅಂಗಡಿಯಿರಲಿ, ಥಾನಿನ ಕೊನೆಯಲ್ಲಿ ಉಳಿಯುವ ಕಟ್‌ಪೀಸ್ ಮೂಲೆ ಸೇರುತ್ತೆ. ಅದನ್ನೇ ನೆನೆಸಿ ಒಣಗಿಸಿ, ಎರಡೂವರೆ ಇಂಚಿಗೆ ಕತ್ತರಿಸಿ, 'ಹತ್ತಿ, ಒಗೆದದ್ದು' ಅಂತ ಚೀಟಿ ಹಚ್ಚಿದರೆ ರೆಡಿ ಪಟ್ಟಿಯ ದೊಡ್ಡ ಕೊರತೆ ನೀಗುತ್ತೆ. ಟೈಲರುಗಳೂ ಚಿಂದಿಯನ್ನು ಹತ್ತಿ, ಪಾಲಿಯೆಸ್ಟರ್ ಎಂದು ಎರಡು ಚೀಲ ಮಾಡಿಟ್ಟರೆ ಕಸಕ್ಕೆ ಹೋಗುವುದಕ್ಕೂ ಬೆಲೆ ಬರುತ್ತೆ.

ಕೊನೆಗೆ ಯಾವುದು?

ಕೆಲಸ ಕಲಿಯಲು, ಮನೆ ಬಳಕೆಗೆ: ಚಿಂದಿ ಅಥವಾ ರವಿಕೆ ಕಣ. ಒಂದೇ ಕೌದಿ, ಟೈಮಿಲ್ಲ ಅನ್ನುವವರಿಗೆ: ಪರೀಕ್ಷೆ ಮಾಡಿದ ರೆಡಿ ಪಟ್ಟಿ. ದುಡ್ಡು ತಗೊಂಡು ಆರ್ಡರ್ ಹೊಲಿಯುವವರು, ಅದರಲ್ಲೂ ಮಗುವಿಗೆ ಹೊದಿಸುವ ಕೌದಿ ಮಾಡುವವರು, ಬಟ್ಟೆ ತಂದು, ಒಗೆದು, ತಾವೇ ಕತ್ತರಿಸುವುದು ಒಳ್ಳೆಯದು. ಮೊದಲ ಸಲಕ್ಕೆ ಒಂದೇ ಕೌದಿಗೆ ಆಗುವಷ್ಟು ತನ್ನಿ. ಅದನ್ನು ಹೊಲಿದು, ಒಗೆದು ನೋಡಿದ ಮೇಲೆ ಮುಂದಿನ ಬಟ್ಟೆಗೆ ದುಡ್ಡು ಹಾಕಿ.