ಬೀದಿಯ ಬೆಕ್ಕು ಮತ್ತು ಗರ್ಭಿಣಿಯ ಆರೋಗ್ಯ

ಸೂರತ್ ಮಹಾನಗರದ ದಕ್ಷಿಣ ಭಾಗದಲ್ಲಿರುವ ಉಧ್ನಾ ವಿದ್ಯುನ್ಮಗ್ಗಗಳ ಸದ್ದಿನಿಂದ ತುಂಬಿದ ಪ್ರದೇಶ. ಜವಳಿ ಉದ್ಯಮವನ್ನು ನಂಬಿ ನಾನಾ ಪ್ರಾಂತಗಳಿಂದ ಬಂದ ಕುಟುಂಬಗಳು ಇಲ್ಲಿ ಒತ್ತೊತ್ತಾಗಿ ನೆಲೆಸಿವೆ. ಜನರಿದ್ದೆಡೆ ಅನ್ನ, ಅನ್ನವಿದ್ದೆಡೆ ಎಂಜಲು, ಎಂಜಲಿದ್ದೆಡೆ ಇಲಿ, ಇಲಿಯಿದ್ದೆಡೆ ಬೆಕ್ಕು. ಇದು ಎಲ್ಲ ಉದ್ಯಮ ನಗರಗಳ ಕಥೆ. ಈ ಬೆಕ್ಕುಗಳು ಯಾರ ಸಾಕುಪ್ರಾಣಿಗಳೂ ಅಲ್ಲ. ಆದರೂ ಎಲ್ಲರ ಜಗಲಿಯ ಮೇಲೂ ಅವಕ್ಕೆ ಹಕ್ಕುಂಟು. ಆದರೆ ಮನೆಯ ಹೆಣ್ಣುಮಗಳು ಗರ್ಭಿಣಿಯಾದಳೆಂದರೆ ‘ಬೆಕ್ಕಿನಿಂದ ಗರ್ಭಕ್ಕೆ ಕೇಡು’ ಎಂಬ ಮಾತು ಕೇಳಿಬರುತ್ತದೆ. ಈ ಮಾತಿನಲ್ಲಿ ಸತ್ಯವೆಷ್ಟು, ಭ್ರಮೆಯೆಷ್ಟು ಎಂಬುದನ್ನು ಪ್ರತಿಯೊಂದು ಕುಟುಂಬವೂ ಅರಿತಿರುವುದು ಅವಶ್ಯಕ.

ಈ ಭಯದ ಮೂಲದಲ್ಲಿರುವುದು ‘ಟಾಕ್ಸೋಪ್ಲಾಸ್ಮಾ ಗೊಂಡಿ’ ಎಂಬ ಏಕಕೋಶದ ಪರೋಪಜೀವಿ. 1908ರಲ್ಲಿ ನಿಕೋಲ್ ಮತ್ತು ಮಾನ್ಸೊ ಎಂಬ ವಿಜ್ಞಾನಿಗಳು ಟ್ಯುನಿಸ್ ನಗರದಲ್ಲಿ ‘ಗುಂಡಿ’ ಎಂಬ ಇಲಿಯಂತಹ ಪ್ರಾಣಿಯಲ್ಲಿ ಇದನ್ನು ಕಂಡರು. ಆಕಾರ ಬಿಲ್ಲಿನಂತೆ ಬಾಗಿರುವುದರಿಂದ ಬಿಲ್ಲು ಎಂಬ ಅರ್ಥದ ಗ್ರೀಕ್ ಪದ ಇದರ ಹೆಸರಿಗೆ ಸೇರಿತು. ಆದರೆ ಈ ಜೀವಿ ಹರಡುವ ಬಗೆ ಮಾತ್ರ ಆರು ದಶಕಗಳ ಕಾಲ ಒಗಟಾಗಿಯೇ ಉಳಿಯಿತು.

ಹಸಿ ಮಾಂಸವೇ ಕಾರಣವೆಂದು ಕೆಲವರು ಊಹಿಸಿದ್ದರು. ಆದರೆ 1959ರಲ್ಲಿ ಮುಂಬಯಿಯಲ್ಲಿ ರಾವಲ್ ಎಂಬ ಸಂಶೋಧಕರು ಜನರ ರಕ್ತವನ್ನು ಪರೀಕ್ಷಿಸಿ ನೋಡಿದಾಗ, ಮಾಂಸಾಹಾರಿಗಳಲ್ಲಿಯೂ ಶುದ್ಧ ಸಸ್ಯಾಹಾರಿಗಳಲ್ಲಿಯೂ ಈ ಸೋಂಕಿನ ಕುರುಹು ಹೆಚ್ಚು ಕಡಿಮೆ ಸಮನಾಗಿಯೇ ಇತ್ತು. ಹಾಗಾದರೆ ಮಾಂಸವಲ್ಲದೆ ಬೇರೊಂದು ದಾರಿ ಇರಲೇಬೇಕಲ್ಲವೆ? 1970ರ ಸುಮಾರಿಗೆ ಗ್ಲಾಸ್ಗೋದ ಹಚಿಸನ್, ಅಮೆರಿಕದ ಫ್ರೆಂಕೆಲ್, ಅವರೊಡನೆ ದುಡಿಯುತ್ತಿದ್ದ ಭಾರತ ಸಂಜಾತ ಪಶುವೈದ್ಯ ವಿಜ್ಞಾನಿ ಜೆ. ಪಿ. ದುಬೆ ಮೊದಲಾದವರ ಶ್ರಮದಿಂದ ಆ ದಾರಿ ಬೆಳಕಿಗೆ ಬಂದಿತು. ಈ ಪರೋಪಜೀವಿಯ ವಂಶವೃದ್ಧಿ ಪೂರ್ಣಗೊಳ್ಳುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಸೋಂಕು ತಗುಲಿದ ಇಲಿಯನ್ನೋ ಹಕ್ಕಿಯನ್ನೋ ತಿಂದ ಬೆಕ್ಕು, ಒಂದೆರಡು ವಾರಗಳ ಕಾಲ ತನ್ನ ಮಲದಲ್ಲಿ ಲಕ್ಷಾಂತರ ಸೂಕ್ಷ್ಮ ಅಂಡಕೋಶಗಳನ್ನು ಹೊರಹಾಕುತ್ತದೆ. ಅವು ಕೂಡಲೇ ಅಪಾಯಕಾರಿಯಲ್ಲ. ಒಂದರಿಂದ ಐದು ದಿನಗಳಲ್ಲಿ ಪಕ್ವವಾಗುತ್ತವೆ. ಅನಂತರ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಬಲ್ಲವು.

ಇಲ್ಲಿ ಒಂದು ಅಂಶವನ್ನು ಗಮನಿಸತಕ್ಕದ್ದು. ಬೆಕ್ಕು ಸಾಮಾನ್ಯವಾಗಿ ಈ ಅಂಡಕೋಶಗಳನ್ನು ಹೊರಹಾಕುವುದು ಮೊದಲ ಸಲ ಸೋಂಕು ತಗುಲಿದಾಗ, ಬಹುತೇಕ ಎಳೆಯ ವಯಸ್ಸಿನಲ್ಲಿ. ಆದ್ದರಿಂದ ಬೆಕ್ಕನ್ನು ಮುಟ್ಟಿದ ಮಾತ್ರಕ್ಕೆ ರೋಗ ಬಂದೀತೆಂಬುದು ಬಹುಮಟ್ಟಿಗೆ ಭ್ರಮೆ. ಬೆಕ್ಕು ಮಲವನ್ನು ಹೂತುಹಾಕುವ ಸಡಿಲ ಮಣ್ಣು, ಕಟ್ಟಡ ಕಟ್ಟಲು ತಂದು ಸುರಿದ ಮರಳಿನ ರಾಶಿ, ಹೂವಿನ ಕುಂಡ, ಸರಿಯಾಗಿ ತೊಳೆಯದ ಸೊಪ್ಪು, ಮುಚ್ಚಳವಿಲ್ಲದ ನೀರಿನ ತೊಟ್ಟಿ, ಅರೆಬೆಂದ ಮಾಂಸ. ಇವೇ ನಿಜವಾದ ಬಾಗಿಲುಗಳು.

ನೀರಿನ ಮಾತು ಬರಿಯ ಊಹೆಯಲ್ಲ. ಕನ್ನಡ ಮಾತನಾಡುವ ನೇಕಾರ ಕುಟುಂಬಗಳು ತಲೆಮಾರುಗಳಿಂದ ಬಾಳಿಕೊಂಡು ಬಂದಿರುವ, ನಮ್ಮ ನೆರೆಯ ಇನ್ನೊಂದು ಜವಳಿ ನಗರ ಕೊಯಮತ್ತೂರು. ಅಲ್ಲಿ 2004ರ ಆಗಸ್ಟಿನಿಂದ 2005ರ ಜುಲೈವರೆಗೆ ಒಂದೇ ಕಣ್ಣಿನ ಆಸ್ಪತ್ರೆಗೆ ಈ ಪರೋಪಜೀವಿಯಿಂದ ಕಣ್ಣಿನ ಉರಿಯೂತಕ್ಕೆ ಗುರಿಯಾದ 248 ಮಂದಿ ಬಂದರು. ಅರವಿಂದ ಕಣ್ಣಿನ ಆಸ್ಪತ್ರೆಯ ವೈದ್ಯರು ಪರಿಶೀಲಿಸಿದಾಗ, ನಗರದ ನೀರು ಸರಬರಾಜಿನ ಮೇಲೆಯೇ ಸಂಶಯ ಮೂಡಿತು. ನೀರಿಗೆ ಸಾಮಾನ್ಯವಾಗಿ ಬೆರೆಸುವ ಕ್ಲೋರಿನ್ ಈ ಅಂಡಕೋಶಗಳನ್ನು ಕೊಲ್ಲಲಾರದು. ಚೆನ್ನಾಗಿ ಕುದಿಸಿದರೆ ಮಾತ್ರ ಅವು ನಾಶವಾಗುತ್ತವೆ.

ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಅದು ತಿಳಿಯುವುದೇ ಇಲ್ಲ. ಕೆಲವರಲ್ಲಿ ಸಣ್ಣ ಜ್ವರ, ಕತ್ತಿನ ಗ್ರಂಥಿಗಳ ಊತ ಕಾಣಿಸಿಕೊಂಡು ಶಮನವಾಗುತ್ತದೆ. ಅಪಾಯವಿರುವುದು ಮುಖ್ಯವಾಗಿ ರೋಗನಿರೋಧಕ ಶಕ್ತಿ ಕುಂದಿದವರಿಗೆ ಮತ್ತು ಗರ್ಭಾವಸ್ಥೆಯಲ್ಲಿ ಮೊಟ್ಟಮೊದಲ ಬಾರಿಗೆ ಸೋಂಕು ತಗುಲಿದ ಸ್ತ್ರೀಯರ ಶಿಶುವಿಗೆ. ಅಂತಹ ಶಿಶುವಿನ ಮೆದುಳಿನಲ್ಲಿ ನೀರು ತುಂಬಬಹುದು, ಕಣ್ಣಿನ ಅಕ್ಷಿಪಟಲಕ್ಕೆ ಹಾನಿಯಾಗಬಹುದು. ಸಕಾಲದಲ್ಲಿ ತಿಳಿದರೆ ಸ್ಪೈರಾಮೈಸಿನ್ ಮೊದಲಾದ ಔಷಧಿಗಳುಂಟು.

ಆದರೆ ರೋಗಕ್ಕಿಂತಲೂ ಹೆಚ್ಚು ಕಣ್ಣೀರು ತರಿಸುವುದು ಅರೆಬರೆ ತಿಳಿವಳಿಕೆ. ಎರಡು ಮೂರು ಬಾರಿ ಗರ್ಭಸ್ರಾವವಾದ ಸೊಸೆಗೆ ‘ಟಾರ್ಚ್’ ಎಂಬ ರಕ್ತಪರೀಕ್ಷೆ ಮಾಡಿಸಿ, ವರದಿಯಲ್ಲಿ ‘ಐಜಿಜಿ ಪಾಸಿಟಿವ್’ ಎಂದು ಕಂಡೊಡನೆ ಅವಳ ರಕ್ತವೇ ಕೆಟ್ಟಿತೆಂದು ತೀರ್ಮಾನಿಸುವ ಮನೆಗಳುಂಟು. ವಾಸ್ತವದಲ್ಲಿ ಐಜಿಜಿ ಎಂಬುದು ಪಾಸ್ ಪುಸ್ತಕದ ಹಳೆಯ ನಮೂದಿನಂತೆ. ಎಂದೋ ಬಂದುಹೋದ ಸೋಂಕಿನ ಗುರುತಷ್ಟೆ. ಆರೋಗ್ಯವಂತ ಸ್ತ್ರೀಗೆ ಮುಂದಿನ ಗರ್ಭದಲ್ಲಿ ಅದು ರಕ್ಷಣೆಯೇ ಹೊರತು ಶಾಪವಲ್ಲ. ‘ಐಜಿಎಮ್’ ಎಂಬ ಇನ್ನೊಂದು ಗುರುತು ಹೊಸ ಸೋಂಕನ್ನು ಸೂಚಿಸಬಹುದು. ಆದರೆ ಅದೂ ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯಬಲ್ಲದಾದುದರಿಂದ ಮತ್ತೊಂದು ಪರೀಕ್ಷೆಯಿಂದ ದೃಢಪಡಿಸಿಕೊಳ್ಳದೆ ಯಾವ ನಿರ್ಧಾರವೂ ಸಲ್ಲದು. ಪದೇ ಪದೇ ಆಗುವ ಗರ್ಭಸ್ರಾವಕ್ಕೆ ಈ ಸೋಂಕು ಸಾಮಾನ್ಯ ಕಾರಣವಲ್ಲವೆಂದು ತಜ್ಞರು ಹೇಳುತ್ತಾರೆ. ತವರಿನಿಂದ ಸಾವಿರ ಮೈಲಿ ದೂರದಲ್ಲಿ, ಭಾಷೆ ತಿಳಿಯದ ಊರಿನಲ್ಲಿ ಇರುವ ಎಳೆಯ ಹೆಣ್ಣಿನ ಮೇಲೆ ಇಲ್ಲದ ದೋಷವನ್ನು ಹೊರಿಸುವುದು ಅನ್ಯಾಯ.

ಹಾಗಾದರೆ ಮಾಡಬೇಕಾದುದೇನು? ಗರ್ಭಿಣಿಯರು ಬೆಕ್ಕಿನ ಮಲ ತೆಗೆಯುವ ಕೆಲಸವನ್ನು ಮನೆಯ ಇತರರಿಗೆ ಬಿಡಬೇಕು. ಇತರರು ಅದನ್ನು ಪ್ರತಿದಿನವೂ ಮಾಡಿದರೆ ಅಂಡಕೋಶಗಳು ಪಕ್ವವಾಗಲು ಅವಕಾಶವೇ ಇರುವುದಿಲ್ಲ. ಮಣ್ಣಿನ ಕೆಲಸದ ನಂತರ ಸಾಬೂನಿನಿಂದ ಕೈತೊಳೆಯಬೇಕು. ಕೊತ್ತಂಬರಿ, ಮೂಲಂಗಿ, ಸೌತೆಗಳನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದೇ ಕೋಸಂಬರಿಗೆ ಬಳಸಬೇಕು. ಕುಡಿಯುವ ನೀರನ್ನು ಕುದಿಸಬೇಕು, ತೊಟ್ಟಿಗಳಿಗೆ ಮುಚ್ಚಳ ಹಾಕಬೇಕು. ಮಾಂಸವನ್ನು ಒಳಗಿನ ಕೆಂಪು ಹೋಗುವವರೆಗೂ ಬೇಯಿಸಬೇಕು. ಮಕ್ಕಳು ಮರಳಿನ ರಾಶಿಯಲ್ಲಿ ಆಡಿ ಬಂದೊಡನೆ ಕೈತೊಳೆಯುವುದನ್ನು ರೂಢಿಸಬೇಕು.

ಬೆಕ್ಕುಗಳನ್ನು ಹೊಡೆದಟ್ಟುವುದು ಪರಿಹಾರವಲ್ಲ. ಪ್ರಾಣಿಹಿಂಸೆ 1960ರ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಇಂದು ಓಡಿಸಿದ ಬೆಕ್ಕಿನ ಜಾಗಕ್ಕೆ ನಾಳೆ ಮತ್ತೊಂದು ಬರುತ್ತದೆ. ಏಕೆಂದರೆ ಕಸವೂ ಇಲಿಯೂ ಅಲ್ಲಿಯೇ ಇರುತ್ತವೆ. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನ ಭೀತಿಯಿಂದ ಲಕ್ಷಾಂತರ ಜನ ಸೂರತ್ ಬಿಟ್ಟು ಓಡಿದ್ದರು. ಮರುವರ್ಷ ನಗರಸಭೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರ ಕಾಲದಲ್ಲಿ ಕಸ ವಿಲೇವಾರಿಯ ವ್ಯವಸ್ಥೆ ಬಿಗಿಯಾಯಿತು. ಅದೇ ಸೂರತ್ 2023ರ ಸ್ವಚ್ಛ ಸರ್ವೇಕ್ಷಣದಲ್ಲಿ ಇಂದೂರಿನೊಡನೆ ದೇಶಕ್ಕೇ ಪ್ರಥಮ ಸ್ಥಾನ ಹಂಚಿಕೊಂಡಿತು. ನಗರ ಸಾಧಿಸಿದ್ದನ್ನು ಒಂದು ಓಣಿ, ಒಂದು ಅಂಗಳ ಸಾಧಿಸಲಾರದೆ? ಎಂಜಲು ಬೀದಿಗೆ ಬೀಳದಿದ್ದರೆ ಇಲಿ ಕಡಿಮೆಯಾಗುತ್ತದೆ, ಇಲಿ ಕಡಿಮೆಯಾದರೆ ಸೋಂಕಿನ ಸರಪಳಿಯೂ ಸಡಿಲಗೊಳ್ಳುತ್ತದೆ. ಗರ್ಭಿಣಿಗೆ ಬೇಕಾದುದು ಶುಚಿಯಾದ ನೀರು, ಬೆಂದ ಆಹಾರ, ತಿಳಿದ ವೈದ್ಯರ ಸಲಹೆ ಮತ್ತು ಮನೆಯವರ ಸಮಾಧಾನದ ಮಾತು. ಇವು ದೊರೆತಲ್ಲಿ ಜಗಲಿಯ ಮೇಲೆ ಮಲಗಿದ ಬೆಕ್ಕಿಗೆ ಯಾರೂ ಅಂಜಬೇಕಾಗಿಲ್ಲ.