ತಾನೇ ನುಡಿಯುವ ಪಿಯಾನೊ, ಮುಪ್ಪಾದ ಫ್ಲಾಪಿ

ಕಂಪ್ಯೂಟರ್‌ನಲ್ಲಿ ಬರೆದದ್ದನ್ನು ಉಳಿಸಲು ಒಂದು ಗುಂಡಿ ಇರುತ್ತದೆ. ಅನೇಕ ತಂತ್ರಾಂಶಗಳಲ್ಲಿ ಆ ಗುಂಡಿಯ ಮೇಲೆ ಚೌಕಾಕಾರದ ಪುಟ್ಟ ಚಿತ್ರವಿದೆ. ನೀವು ಗಮನಿಸಿದ್ದೀರಾ? ಅದು ಫ್ಲಾಪಿ ಡಿಸ್ಕಿನ ಚಿತ್ರ. ನಿಮ್ಮಲ್ಲಿ ಹೆಚ್ಚಿನವರು ನಿಜವಾದ ಫ್ಲಾಪಿಯನ್ನು ನೋಡಿರಲಾರಿರಿ. ಕಂಪ್ಯೂಟರ್‌ಗಳು ಅದನ್ನು ಬಿಟ್ಟು ಬಹಳ ವರ್ಷಗಳಾದವು. ಆದರೆ ಜಪಾನ್, ಅಮೆರಿಕದಂಥ ದೇಶಗಳಲ್ಲಿ ಕೆಲವರ ಮನೆಯ ಹಳೆಯ ಪಿಯಾನೊಗಳಿಗೆ ಇಂದಿಗೂ ಫ್ಲಾಪಿಯೇ ಬೇಕು! ಸಂಗೀತ ವಾದ್ಯಕ್ಕೂ ಫ್ಲಾಪಿಗೂ ಏನು ನಂಟು? ಬನ್ನಿ, ತಿಳಿಯೋಣ.

ನುಡಿಸುವವರಿಲ್ಲದೆ ನುಡಿಯುವ ವಾದ್ಯ

ಹಾರ್ಮೋನಿಯಂ ನೋಡಿದ್ದೀರಲ್ಲವೆ? ಪಿಯಾನೊದಲ್ಲೂ ಅಂಥದೇ ಬಿಳಿ, ಕಪ್ಪು ಕೀಲಿಗಳ ಸಾಲಿದೆ. ಅವುಗಳ ಸಂಖ್ಯೆ 88. ಕೀಲಿ ಒತ್ತಿದಾಗ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾಗಿ ಒತ್ತಿದರೆ ಗಟ್ಟಿ ದನಿ.

ಈ ಕೀಲಿಗಳು ತಾವಾಗಿಯೇ ಕೆಳಗಿಳಿಯುವಂತೆ ಮಾಡುವ ಯಂತ್ರಗಳು ನೂರು ವರ್ಷಗಳ ಹಿಂದೆಯೇ ಇದ್ದವು. ಉದ್ದನೆಯ ಕಾಗದದ ಸುರುಳಿಯಲ್ಲಿ ಸಾಲು ಸಾಲು ತೂತುಗಳಿರುತ್ತಿದ್ದವು. ಸುರುಳಿ ಬಿಚ್ಚಿಕೊಳ್ಳುತ್ತಾ ಸಾಗಿದಂತೆ ಯಾವ ತೂತಿನಿಂದ ಗಾಳಿ ಒಳನುಗ್ಗುತ್ತದೋ ಅದಕ್ಕೆ ಸೇರಿದ ಕೀಲಿ ಕೆಳಗಿಳಿಯುತ್ತಿತ್ತು.

ಮುಂದೆ ವಿದ್ಯುತ್ತಿನ ಕಾಲ ಬಂತು. ಜಪಾನಿನ ಯಮಾಹಾ ಕಂಪನಿಯ 'ಡಿಸ್ಕ್ಲವಿಯರ್' ಎಂಬ ಪಿಯಾನೊ 1987ರಲ್ಲಿ ಅಮೆರಿಕಕ್ಕೆ ಬಂತು. ಇದರಲ್ಲಿ ಪ್ರತಿ ಕೀಲಿಯ ಹಿಂಬದಿಯ ಕೆಳಗೆ ಒಂದು ತಂತಿ ಸುರುಳಿಯಿದೆ. ಅದರಲ್ಲಿ ವಿದ್ಯುತ್ ಹರಿದಾಗ ಅದು ವಿದ್ಯುತ್ಕಾಂತವಾಗುತ್ತದೆ. ನಡುವಿನ ಕಬ್ಬಿಣದ ಕಡ್ಡಿ ಮೇಲೆ ಚಿಮ್ಮುತ್ತದೆ. ಕೀಲಿಯ ಹಿಂಬದಿ ಮೇಲೆದ್ದರೆ ಮುಂಬದಿ ಕೆಳಗಿಳಿಯುತ್ತದೆ. ಏತದಾಟದ ಹಲಗೆಯ ಹಾಗೆ!

ಯಾವ ಕೀಲಿ, ಯಾವಾಗ, ಎಷ್ಟು ಜೋರಾಗಿ? ಈ ಆಜ್ಞೆಗಳೆಲ್ಲ ಫ್ಲಾಪಿಯಲ್ಲಿದ್ದವು. ಗಮನಿಸಿ, ಫ್ಲಾಪಿಯಲ್ಲಿದ್ದದ್ದು ಧ್ವನಿಯಲ್ಲ, ಬರೀ ಅಂಕಿಗಳು. ಒಂದು ಸ್ವರಕ್ಕೆ ಸುಮಾರು 10 ಬೈಟ್ ಸಾಕು. ಬೈಟ್ ಎಂದರೆ ಒಂದು ಇಂಗ್ಲಿಷ್ ಅಕ್ಷರ ಬರೆಯಲು ಬೇಕಾಗುವಷ್ಟು ಜಾಗ.

ಲೆಕ್ಕ ಮಾಡಿ: ಆಗಿನ ಫ್ಲಾಪಿಗೆ 2 ಮುಖ. ಪ್ರತಿ ಮುಖದಲ್ಲಿ 80 ವೃತ್ತಗಳು. ಪ್ರತಿ ವೃತ್ತದಲ್ಲಿ 9 ಭಾಗ. ಪ್ರತಿ ಭಾಗದಲ್ಲಿ 512 ಬೈಟ್. ಒಟ್ಟು ಎಷ್ಟಾಯಿತು? ಅದರಲ್ಲಿ ಎಷ್ಟು ಸ್ವರಗಳು ಹಿಡಿಸುತ್ತವೆ? (ಉತ್ತರ: 7,37,280 ಬೈಟ್, 70 ಸಾವಿರಕ್ಕೂ ಹೆಚ್ಚು ಸ್ವರಗಳು.)

ಫ್ಲಾಪಿಗೂ ಮುಪ್ಪು

ಫ್ಲಾಪಿಯ ಗಟ್ಟಿ ಹೊದಿಕೆಯೊಳಗೆ ತೆಳ್ಳನೆಯ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ಕಾಂತವಾಗಬಲ್ಲ ನುಣುಪಾದ ಪುಡಿಯನ್ನು ಅಂಟಿನೊಂದಿಗೆ ಕಲಸಿ ಅದಕ್ಕೆ ಲೇಪಿಸಿರುತ್ತಾರೆ. ಪುಡಿಯ ಕಣಗಳು ಯಾವ ದಿಕ್ಕಿಗೆ ಕಾಂತಗೊಂಡಿವೆ ಎಂಬುದೇ ಬರಹ. ಓದುವ ಯಂತ್ರದಲ್ಲಿ ಬಿಲ್ಲೆ ನಿಮಿಷಕ್ಕೆ 300 ಸುತ್ತು ತಿರುಗುತ್ತದೆ. ಆಗ ಓದುವ ಮುಳ್ಳು ಬಿಲ್ಲೆಯನ್ನು ಮುಟ್ಟಿಕೊಂಡೇ ಇರುತ್ತದೆ.

ಇಲ್ಲೇ ತೊಂದರೆ. ವರ್ಷಗಳು ಕಳೆದಂತೆ ತೇವದಿಂದ ಅಂಟು ಸಡಿಲವಾಗಿ ಪುಡಿ ಉದುರುತ್ತದೆ. ಬೂಷ್ಟು ಹಿಡಿಯುತ್ತದೆ. ಕಾಂತತ್ವವೂ ಕುಂದುತ್ತದೆ. ಉದುರಿದ ಪುಡಿ ಮುಳ್ಳಿಗೆ ಮೆತ್ತಿಕೊಂಡು ಮುಂದೆ ಹಾಕುವ ಒಳ್ಳೆಯ ಫ್ಲಾಪಿಯನ್ನೂ ಗೀರಬಹುದು. ಓದುವ ಯಂತ್ರವೂ ಸವೆಯುತ್ತದೆ. ಹೊಸ ಫ್ಲಾಪಿ ತರೋಣವೆಂದರೆ, ಬಹುಕಾಲ ಅವನ್ನು ಮಾರುತ್ತಿದ್ದ ಸೋನಿ ಕಂಪನಿ 2011ರಲ್ಲಿ ಜಪಾನಿನಲ್ಲೂ ಮಾರಾಟ ನಿಲ್ಲಿಸಿತು. ಪಿಯಾನೊದ ಮರ, ತಂತಿ, ಸುತ್ತಿಗೆಗಳು ಗಟ್ಟಿಯಾಗಿಯೇ ಇವೆ. ಅದಕ್ಕೆ ಆಜ್ಞೆ ಕೊಡುವ ಫ್ಲಾಪಿ ಮಾತ್ರ ಸೊರಗಿದೆ.

ಅಂಗಡಿಯಿಂದ ತಂದ ಹಾಡಾದರೆ ಮತ್ತೆ ಕೊಳ್ಳಬಹುದು. ಆದರೆ ಈ ಪಿಯಾನೊಗಳಿಗೆ ಮನೆಯವರು ನುಡಿಸಿದ್ದನ್ನು ಫ್ಲಾಪಿಯಲ್ಲಿ ಬರೆದಿಡುವ ಶಕ್ತಿಯೂ ಇತ್ತು. ಊಹಿಸಿಕೊಳ್ಳಿ: ಒಂದು ಮನೆಯ ಅಜ್ಜಿ 1990ರಲ್ಲಿ ನುಡಿಸಿದ ಹಾಡು ಫ್ಲಾಪಿಯಲ್ಲಿದೆ. ಇಂದು ಅಜ್ಜಿ ಇಲ್ಲ. ಫ್ಲಾಪಿ ಹಾಕಿದರೆ ಅಜ್ಜಿ ಒತ್ತಿದ್ದ ಕೀಲಿಗಳೇ, ಅಜ್ಜಿಯ ಲಯದಲ್ಲೇ ಏರಿಳಿಯುತ್ತವೆ. ಆ ಫ್ಲಾಪಿ ಕೆಟ್ಟರೆ ಇನ್ನೊಂದು ಎಲ್ಲಿ ಸಿಕ್ಕೀತು?

ಉಳಿಸುವುದು ಹೇಗೆ?

ಕೆಡುವ ಮೊದಲೇ ಪ್ರತಿ ತೆಗೆಯಬೇಕು. ಅದಕ್ಕೊಂದು ಕ್ರಮವಿದೆ.

1. ಫ್ಲಾಪಿಯ ಮೂಲೆಯಲ್ಲಿರುವ ಪುಟ್ಟ ಬಿಲ್ಲೆಯನ್ನು ಸರಿಸಿ ಕಿಂಡಿ ತೆರೆದಿಡಬೇಕು. ಆಗ ತಪ್ಪಿ ಏನನ್ನಾದರೂ ಅಳಿಸುವ ಭಯವಿಲ್ಲ.

2. ಓದುವ ಮುಳ್ಳನ್ನು ಶುಚಿ ಮಾಡಬೇಕು. ಬೂಷ್ಟು ಹಿಡಿದ ಫ್ಲಾಪಿಯನ್ನು ಹಾಗೆಯೇ ಯಂತ್ರಕ್ಕೆ ಹಾಕಬಾರದು.

3. ಫ್ಲಾಪಿಯಲ್ಲಿರುವುದನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡು, ಎರಡು ಮೂರು ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಬೇಕು. ಕೆಲವು ಹಳೆಯ ಪಿಯಾನೊಗಳು ಕಂಪನಿಯದೇ ಆದ ಗುಟ್ಟಿನ ಲಿಪಿಯಂಥ ವಿಧಾನದಲ್ಲಿ ಬರೆಯುತ್ತಿದ್ದವು. ಅದನ್ನು ಎಲ್ಲರಿಗೂ ತಿಳಿಯುವ ರೂಪಕ್ಕೆ ಬದಲಿಸುವ ತಂತ್ರಾಂಶಗಳಿವೆ.

4. ಪಿಯಾನೊದ ಫ್ಲಾಪಿ ಯಂತ್ರವನ್ನು ತೆಗೆದು, ಅದೇ ಜಾಗದಲ್ಲಿ ಪೆನ್ ಡ್ರೈವ್ ಹಿಡಿಸುವ ಬದಲಿ ಯಂತ್ರ ಕೂರಿಸಬಹುದು. ಇದೊಂದು ವೇಷಧಾರಿ! ಪಿಯಾನೊ ಕೇಳಿದ್ದಕ್ಕೆಲ್ಲ ಫ್ಲಾಪಿಯಂತೆಯೇ ಉತ್ತರ ಕೊಡುತ್ತದೆ. ಪಿಯಾನೊಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಒಂದೇ ಪೆನ್ ಡ್ರೈವ್‌ನಲ್ಲಿ ನೂರಾರು ಫ್ಲಾಪಿಗಳ ಪ್ರತಿ ಹಿಡಿಸುತ್ತದೆ.

ಹಾಗಾದರೆ ಪೆನ್ ಡ್ರೈವ್ ಶಾಶ್ವತವೆ? ಇಲ್ಲ. ಅದೂ ಒಂದು ದಿನ ಕೆಡುತ್ತದೆ. ಆದ್ದರಿಂದ ಕೆಲವು ವರ್ಷಗಳಿಗೊಮ್ಮೆ ಹೊಸ ಪ್ರತಿ ಮಾಡುತ್ತಲೇ ಇರಬೇಕು. ವಸ್ತು ಹಳೆಯದಾಗುತ್ತದೆ, ಪ್ರತಿಯಿಂದ ಪ್ರತಿಗೆ ಸಾಗುವ ಮಾಹಿತಿ ಉಳಿಯುತ್ತದೆ.

ಮಾಡಿ ನೋಡಿ

ಉದ್ದನೆಯ ಕಾಗದದ ಪಟ್ಟಿಯಲ್ಲಿ ನಾಲ್ಕು ಗೆರೆ ಎಳೆಯಿರಿ. ಗೆರೆಗಳ ಮೇಲೆ ಅಲ್ಲಲ್ಲಿ ತೂತು ಮಾಡಿ. ಒಂದೊಂದು ಗೆರೆ ಒಬ್ಬೊಬ್ಬ ಗೆಳೆಯರದು. ರಟ್ಟಿನಲ್ಲಿ ಸಣ್ಣ ಕಿಂಡಿ ಕೊರೆದು, ಅದರ ಹಿಂದೆ ಪಟ್ಟಿಯನ್ನು ನಿಧಾನವಾಗಿ ಎಳೆಯಿರಿ. ತಮ್ಮ ತೂತು ಕಂಡಾಗ ಅವರು ಚಪ್ಪಾಳೆ ತಟ್ಟಲಿ. ನಿಮ್ಮದೇ ಕಾಗದದ ಸುರುಳಿ ಸಿದ್ಧ! ಈಗ ಪಟ್ಟಿಯ ಒಂದು ತುಂಡನ್ನು ಹರಿದು ತೆಗೆದು ಮತ್ತೆ ಎಳೆಯಿರಿ. ತಾಳ ಎಲ್ಲಿ ತಪ್ಪಿತು? ಹರಿಯುವ ಮೊದಲು ನೀವು ಏನು ಮಾಡಿಡಬೇಕಿತ್ತು?