‘ಡಜನ್’: ಸಂತೆಯ ಮಾತಿನಲ್ಲೊಂದು ಪರಿಮಾಣವಾಚಕ

ಜಾನಪದ ಅಧ್ಯಯನದಲ್ಲಿ ಅಳತೆಯ ಪದಗಳ ಚರ್ಚೆ ಬಂದಾಗಲೆಲ್ಲ ಪಾವು, ಸೇರು, ಬಳ್ಳ, ಕೊಳಗ, ಖಂಡುಗಗಳ ಪಟ್ಟಿ ಸಿದ್ಧವಾಗುತ್ತದೆ. ಅದೇ ಸಂತೆಯಲ್ಲಿ, ಅದೇ ಬಾಯಿಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ‘ಡಜನ್’ ಮಾತ್ರ ಹೊರಗುಳಿಯುತ್ತದೆ. ಇಂಗ್ಲಿಷಿನದು ಎಂಬುದೇ ಅದರ ಅನರ್ಹತೆ. ಇಂಗ್ಲಿಷಿಗೂ ಅದು ಸ್ವಂತದ್ದಲ್ಲ. ಹನ್ನೆರಡು ಎಂಬರ್ಥದ ಲ್ಯಾಟಿನ್ ಮೂಲದಿಂದ ಫ್ರೆಂಚಿನ ಮೂಲಕ ಅಲ್ಲಿಗೆ ಬಂದುದು.

ಕ್ಷೇತ್ರಕಾರ್ಯದ ಮೊದಲ ವರ್ಷಗಳಲ್ಲಿ ನಾನೂ ಈ ತಪ್ಪು ಮಾಡಿದ್ದೇನೆ. ಬಳೆ ಮಾರುವ ಮುದುಕಿಯೊಬ್ಬರು “ಎರಡು ಡಜನ್ ಹಸಿರು, ಒಂದು ಡಜನ್ ಕೆಂಪು” ಎಂದುದನ್ನು ಲಿಪ್ಯಂತರದಲ್ಲಿ “ಇಪ್ಪತ್ನಾಲ್ಕು ಹಸಿರು, ಹನ್ನೆರಡು ಕೆಂಪು” ಎಂದು ‘ಶುದ್ಧ’ಗೊಳಿಸಿದೆ. ಲೆಕ್ಕ ಸರಿಯಿತ್ತು, ಮಾತು ಕೆಟ್ಟಿತು. ಆಕೆ ಹೇಳಿದ್ದು ಸಂಖ್ಯೆಯನ್ನಲ್ಲ, ದಾರದಲ್ಲಿ ಕಟ್ಟಿಟ್ಟ ಕಟ್ಟನ್ನು.

ಈ ವ್ಯತ್ಯಾಸ ದಿನಬಳಕೆಯ ವಾಕ್ಯಗಳಲ್ಲಿ ಸ್ಪಷ್ಟವಾಗಿದೆ. ‘ಅರ್ಧ ಡಜನ್ ಮೊಟ್ಟೆ ಕೊಡಿ’, ‘ಬಾಳೆಹಣ್ಣು ಡಜನ್ನಿಗೆ ಎಷ್ಟು?’ ಎನ್ನುತ್ತೇವೆ. ಮನೆಗೆ ಬಂದ ನೆಂಟರನ್ನು ‘ಹನ್ನೆರಡು ಜನ’ ಎನ್ನುತ್ತೇವೆಯೇ ಹೊರತು ‘ಒಂದು ಡಜನ್ ಜನ’ ಎನ್ನುವುದು ವಿರಳ. ‘ಡಜನ್ ಮಕ್ಕಳು’ ಎಂದರಂತೂ ಅದು ಎಣಿಕೆಯಲ್ಲ, ಕೊಂಕು. ಇಂಗ್ಲಿಷಿನಲ್ಲಿ ಮನುಷ್ಯರಿಗೂ ಈ ಪದ ಸಲೀಸಾಗಿ ಸಲ್ಲುತ್ತದೆ. ಅಲ್ಲಿ ಅನಿರ್ದಿಷ್ಟ ಬಾಹುಳ್ಯಕ್ಕೆ ಬಹುವಚನ ಪ್ರತ್ಯಯ ಹಚ್ಚುತ್ತಾರೆ. ಕನ್ನಡ ಅದನ್ನು ಒಪ್ಪದೆ ‘ರಾಶಿಗಟ್ಟಲೆ’, ‘ಸೇರುಗಟ್ಟಲೆ’ಗಳ ಸಾಲಿನಲ್ಲಿ ‘ಡಜನ್‌ಗಟ್ಟಲೆ’ ಎಂದಿತು. ಬಸ್ಸು, ಪೆನ್ನುಗಳಂತೆ ‘ಡಜನ್ನು’ ಎಂದು ಸ್ವರಾಂತವೂ ಆಯಿತು.

ಇಂಗ್ಲಿಷಿನಲ್ಲಿ ಹದಿಮೂರಕ್ಕೆ ‘ಬೇಕರಿಯವನ ಡಜನ್’ ಎಂಬ ರೂಢಿಯಿದೆ. ನಮ್ಮ ಸಂತೆಯಲ್ಲಿ ಆ ಹದಿಮೂರನೆಯದು ಡಜನ್ನಿನೊಳಗೆ ಸೇರದು. ಅದಕ್ಕೆ ‘ಕೊಸರು’ ಎಂಬ ಬೇರೆಯೇ ಹೆಸರಿದೆ, ಅದನ್ನು ಕೇಳಿ ಪಡೆಯಬೇಕು. ಪರಕೀಯ ಪದ ಬಂದರೂ ಚೌಕಾಸಿಯ ನೀತಿ ಬದಲಾಗಲಿಲ್ಲವೆಂಬುದು ಗಮನಾರ್ಹ.

ಪದಕ್ಕೆ ಹೊಸಿಲೂ ಇದೆ. ಐದು ಮಂದಿ ಮುತ್ತೈದೆಯರು, ಎರಡು ಬಾಳೆಹಣ್ಣಿನ ತಾಂಬೂಲ—ಶಾಸ್ತ್ರದ ಈ ಎಣಿಕೆಗಳೊಳಗೆ ಡಜನ್ ಕಾಲಿಟ್ಟುದನ್ನು ನಾನು ಕೇಳಿಲ್ಲ. ಅಂಗಡಿಯಿಂದ ಡಜನ್ನಾಗಿ ಬಂದ ಹಣ್ಣು ದೇವರ ಮುಂದೆ ಜೋಡಿಯಾಗುತ್ತದೆ.

1956ರ ತೂಕ ಮತ್ತು ಅಳತೆಗಳ ಕಾಯ್ದೆಯ ಅನಂತರ ಸೇರು-ಪಾವುಗಳು ಹಿಂದೆ ಸರಿದರೂ ಎಣಿಕೆಯ ಮಾತಾದ ಡಜನ್ ಉಳಿಯಿತು. ಈಗ ನಗರಗಳಲ್ಲಿ ಬಾಳೆಹಣ್ಣು ಕಿಲೋ ಲೆಕ್ಕಕ್ಕೆ ತಿರುಗಿದೆ. ಮೊಟ್ಟೆಯ ಸಗಟು ವ್ಯಾಪಾರ ಮೂವತ್ತರ ಟ್ರೇಗೆ ಹೊಂದಿಕೊಂಡಿದೆ. ನನ್ನ ಹಳೆಯ ಲಿಪ್ಯಂತರಗಳನ್ನು ಧ್ವನಿಸುರುಳಿಗಳೊಡನೆ ಮತ್ತೆ ಹೋಲಿಸಿ, ಅಳಿಸಿದ ಕಡೆಯಲ್ಲೆಲ್ಲ ‘ಡಜನ್’ ಎಂದು ತಿದ್ದುತ್ತಿದ್ದೇನೆ. ಆ ಮುದುಕಿಯ ಸುರುಳಿ ಮಾತ್ರ ಸಿಕ್ಕಿಲ್ಲ.